‘ಬ್ಯೂಟಿ ಆ್ಯಂಡ್ ದ ಬೀಸ್ಟ್’ ಬ್ಲೂ-ರೇ: ಹಾಡಿಗೆ ತುಟಿ ಕೂಡುತ್ತಿಲ್ಲ, ಗೆರೆಗಳು ಕಲಸಿಹೋಗುತ್ತಿವೆ. ದೋಷ ಡಿಸ್ಕಿನದೇ?

ಮಲೆಸಾಲು:
ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಡಿಸ್ನಿಯವರ 1991ರ ‘ಬ್ಯೂಟಿ ಆ್ಯಂಡ್ ದ ಬೀಸ್ಟ್’ ನಾನು ಚಿಕ್ಕವಳಿದ್ದಾಗ ವಿಎಚ್‌ಎಸ್ ಟೇಪ್ ಸವೆಯುವಷ್ಟು ನೋಡಿದ ಚಿತ್ರ. ಈಗ ಮಗಳಿಗೆಂದು 2010ರ ಡೈಮಂಡ್ ಆವೃತ್ತಿಯ ಬ್ಲೂ-ರೇ ತಂದಿದ್ದೇನೆ. ಹೊಸ 4ಕೆ ಟಿವಿ, ಸಾಧಾರಣ ಬ್ಲೂ-ರೇ ಪ್ಲೇಯರ್, ಎರಡು ಚಾನೆಲ್‌ನ ಸೌಂಡ್‌ಬಾರ್. ಪ್ಲೇಯರ್‌ನಿಂದ ಟಿವಿಗೆ ಎಚ್‌ಡಿಎಂಐ, ಟಿವಿಯಿಂದ ಸೌಂಡ್‌ಬಾರ್‌ಗೆ ಆಪ್ಟಿಕಲ್ ಕೇಬಲ್.

ಕಥಾನಾಯಕಿ ಬೆಲ್ ತನ್ನ ಊರಿನ ಬೀದಿಯಲ್ಲಿ ಹಾಡುತ್ತಾ ನಡೆಯುವ ಮೊದಲ ಹಾಡಿನಲ್ಲೇ ತೊಂದರೆ ಶುರುವಾಗುತ್ತದೆ. ಅವಳು ತಿರುಗಿದಾಗಲೆಲ್ಲ ಕೈಯ ಅಂಚು, ಪುಸ್ತಕದ ಅಂಚು ಹಿಂದಿನ ಗೋಡೆಯೊಳಕ್ಕೆ ಕಲಸಿಹೋಗುತ್ತವೆ. ಕಪ್ಪು ಗೆರೆಗಳ ಪಕ್ಕದಲ್ಲಿ ತೆಳ್ಳಗೆ ಬಿಳಿ ಗೆರೆ ಕಾಣಿಸುತ್ತದೆ. ದನಿ ಮೊದಲು ಬರುತ್ತದೆ, ತುಟಿ ಆಮೇಲೆ ಆಡುತ್ತದೆ. ಮಾತು ಕೇಳಲೆಂದು ವಾಲ್ಯೂಮ್ ಏರಿಸಿದರೆ ಹಾಡು ಬಂದಾಗ ಪಕ್ಕದ ಮನೆಯವರಿಗೂ ಕೇಳಿಸುತ್ತದೆ. ಇದೆಲ್ಲದರ ಮೇಲೆ, ನಾನು ಎಂದೂ ಕೇಳಿರದ ಹಾಡೊಂದು ನಡುವೆ ಬಂತು: ಸೇವಕರೆಲ್ಲ ಸೇರಿ ಕೋಟೆಯನ್ನು ಗುಡಿಸಿ ತೊಳೆಯುವ ಹಾಡು. ವಾಪಸ್ ಕೊಡಲು ಅಂಗಡಿಯವರ ಗಡುವು ಇನ್ನೂ ಮುಗಿದಿಲ್ಲ. ಕೊಟ್ಟುಬಿಡಲೇ?

ಕೆಂಪುದೀಪ:
ಇಷ್ಟು ತೊಂದರೆ ಒಟ್ಟಿಗೆ ಇದ್ದರೆ ಡಿಸ್ಕ್ ಹಾಳಾಗಿದೆ ಎಂದೇ ಅರ್ಥ. ವಾಪಸ್ ಕೊಟ್ಟು ಬೇರೆ ಪ್ರತಿ ತೆಗೆದುಕೊಳ್ಳಿ.

ಬೆಳ್ಳಿತೆರೆ:
ಮಲೆಸಾಲು ಅವರೇ, ದಯವಿಟ್ಟು ಈಗಲೇ ವಾಪಸ್ ಕೊಡಬೇಡಿ. ಡಿಸ್ಕ್ ಹಾಳಾಗಿದ್ದರೆ ಚಿತ್ರ ನಿಂತುಬಿಡುತ್ತದೆ, ಚೌಕ ಚೌಕವಾಗಿ ಒಡೆಯುತ್ತದೆ ಅಥವಾ ಒಂದು ಭಾಗವನ್ನೇ ಹಾರಿ ಮುಂದಕ್ಕೆ ಹೋಗುತ್ತದೆ. ನೀವು ಹೇಳಿದ್ದರಲ್ಲಿ ಅಂಥದ್ದು ಒಂದೂ ಇಲ್ಲ. ಟಿವಿ ತನ್ನ ಕೈಚಳಕವನ್ನು ನಿಲ್ಲಿಸುವವರೆಗೆ ಯಾವ ಡಿಸ್ಕಿನ ಬಗ್ಗೆಯೂ ತೀರ್ಪು ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೈಯಿಂದ ಬರೆದ ಅನಿಮೇಷನ್ ವಿಷಯದಲ್ಲಂತೂ ಇದು ಇಮ್ಮಡಿ ನಿಜ.

ಗೆರೆ ಕಲಸುವುದರಿಂದ ಆರಂಭಿಸೋಣ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನಂತೆ. ಆದರೆ ಇಂಥ ಚಿತ್ರದಲ್ಲಿ ಬಹಳ ಕಡೆ ಒಂದೊಂದು ರೇಖಾಚಿತ್ರವನ್ನು ಎರಡು ಫ್ರೇಮ್ ಹಿಡಿದಿಡುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಚಲನೆ ವೇಗವಾದಾಗ ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೆಯುತ್ತಾರೆ. ಮುಖ್ಯ ಭಂಗಿಗಳನ್ನು ಹಿರಿಯ ಕಲಾವಿದ ಬರೆದರೆ, ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ನಡುಚಿತ್ರಗಳನ್ನು ಸಹಾಯಕರು ಬರೆಯುತ್ತಾರೆ. ಎಲ್ಲಿ ನಿಧಾನ, ಎಲ್ಲಿ ಚುರುಕು, ಎಲ್ಲಿ ಒಂದು ಕ್ಷಣ ತಡೆ ಎಂಬುದೆಲ್ಲ ಯೋಚಿಸಿ ಮಾಡಿದ್ದು. ಬೆಲ್‌ಳ ನಡಿಗೆಯಲ್ಲಿ ಜೀವ ಕಾಣುವುದೇ ಈ ಲೆಕ್ಕಾಚಾರದಿಂದ. ಹೊಸ ಟಿವಿ ಆ ಚಿತ್ರಗಳ ನಡುವೆ ತಾನೇ ಊಹಿಸಿದ ಫ್ರೇಮುಗಳನ್ನು ತುರುಕುತ್ತದೆ. ಕ್ಯಾಮೆರಾದಲ್ಲಿ ಹಿಡಿದ ಚಲನೆಯಲ್ಲಿ ಈ ಊಹೆ ಹೇಗೋ ನಡೆದುಹೋಗಬಹುದು, ಗಟ್ಟಿ ಗೆರೆಯ ಚಿತ್ರದಲ್ಲಿ ಅಂಚೇ ಹರಿದುಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ. ‘ಮೋಷನ್’ ಎಂಬ ಪದ ಇರುವ ಎಲ್ಲವನ್ನೂ ಆಫ್ ಮಾಡಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನೇ ಆರಿಸಿ, ಬಹುಪಾಲು ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಬಿಳಿ ಗೆರೆ ‘ಶಾರ್ಪ್‌ನೆಸ್’ ಹೆಚ್ಚಾದಾಗ ಬರುವಂಥದ್ದು. ಕೆಲವು ಟಿವಿಗಳಲ್ಲಿ ಸೊನ್ನೆ ಸರಿಯಾದ ಮಟ್ಟ, ಕೆಲವದರಲ್ಲಿ ಮಧ್ಯದ ಅಂಕಿ. ಬಿಳಿ ಗೆರೆ ಮಾಯವಾಗುವವರೆಗೆ ಇಳಿಸಿ, ಅಲ್ಲಿಗೆ ನಿಲ್ಲಿಸಿ. ‘ನಾಯ್ಸ್ ರಿಡಕ್ಷನ್’ ಕೂಡ ಆಫ್ ಇರಲಿ. ‘ವಿವಿಡ್’ ಮೋಡ್‌ನಲ್ಲಿದ್ದರೆ ಹೊರಬನ್ನಿ. ನೃತ್ಯದ ದೃಶ್ಯದಲ್ಲಿ ಬೆಲ್ ಉಟ್ಟ ಚಿನ್ನದ ಬಣ್ಣದ ಗೌನಿನ ಮಡಿಕೆಗಳಲ್ಲಿರುವ ಛಾಯೆಗಳು ಆ ಮೋಡ್‌ನಲ್ಲಿ ಒಂದೇ ಹಳದಿಯಾಗಿ ಸುಟ್ಟುಹೋಗುತ್ತವೆ.

ಇನ್ನು ದನಿ ಮತ್ತು ತುಟಿ. ಟಿವಿ ಚಿತ್ರವನ್ನು ತಿದ್ದುತ್ತಾ ಕೂತಷ್ಟು ಹೊತ್ತು ಚಿತ್ರ ತಡವಾಗುತ್ತದೆ, ಆಪ್ಟಿಕಲ್ ಕೇಬಲಿನಲ್ಲಿ ಹೊರಟ ದನಿ ಅಷ್ಟರಲ್ಲಿ ಸೌಂಡ್‌ಬಾರ್ ಸೇರಿರುತ್ತದೆ. ಮೇಲಿನವನ್ನೆಲ್ಲ ಆಫ್ ಮಾಡಿದರೆ ಅಂತರ ಬಹಳ ಕಡಿಮೆಯಾಗಬೇಕು. ಉಳಿದದ್ದನ್ನು ಟಿವಿ ಅಥವಾ ಸೌಂಡ್‌ಬಾರಿನ ‘ಆಡಿಯೊ ಡಿಲೇ’ಯಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ ಸರಿಪಡಿಸಿ. ಪರೀಕ್ಷೆಯನ್ನು ಇಂಗ್ಲಿಷ್ ಟ್ರ್ಯಾಕಿನಲ್ಲೇ ಮಾಡಿ. ಮೊದಲು ಕಲಾವಿದರ ದನಿ ರೆಕಾರ್ಡ್ ಮಾಡಿ, ಆಮೇಲೆ ಅದಕ್ಕೆ ತಕ್ಕಂತೆ ತುಟಿ ಬರೆದಿರುವುದರಿಂದ ಆ ಟ್ರ್ಯಾಕಿನಲ್ಲಿ ಮಾತ್ರ ಎರಡೂ ನಿಜವಾಗಿ ಕೂಡುತ್ತವೆ.

ಮಾತು ಸಣ್ಣಗೆ, ಹಾಡು ಜೋರಾಗಿ ಕೇಳುವುದಕ್ಕೆ ಕಾರಣ ಬೇರೆ ಇರಬಹುದು. ಈ ಡಿಸ್ಕಿನ ಇಂಗ್ಲಿಷ್ ಟ್ರ್ಯಾಕ್ 7.1 ಚಾನೆಲ್‌ನದು. ಮಾತೆಲ್ಲ ಹೆಚ್ಚುಕಡಿಮೆ ಮಧ್ಯದ ಚಾನೆಲಿನಲ್ಲಿ, ವಾದ್ಯಮೇಳ ಉಳಿದ ಚಾನೆಲ್‌ಗಳಲ್ಲಿ ಹರಡಿಕೊಂಡಿರುತ್ತದೆ. ನಿಮ್ಮ ಸೌಂಡ್‌ಬಾರಿನಲ್ಲಿ ಮಧ್ಯದ ಸ್ಪೀಕರೇ ಇಲ್ಲ. ಪ್ಲೇಯರಿನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ‘ಬಿಟ್‌ಸ್ಟ್ರೀಮ್’ ತೆಗೆದು ‘ಪಿಸಿಎಂ’, ‘ಸ್ಟೀರಿಯೊ ಡೌನ್‌ಮಿಕ್ಸ್’ ಆರಿಸಿ. ಎಂಟು ಚಾನೆಲ್ ಎರಡಾಗುವ ಕೆಲಸ ಪ್ಲೇಯರಿನಲ್ಲೇ ನಡೆಯಲಿ. ರಾತ್ರಿ ಹೊತ್ತು, ಸಣ್ಣ ದನಿ ಮತ್ತು ಜೋರು ದನಿಯ ಅಂತರ ತಗ್ಗಿಸುವ ‘ಡೈನಾಮಿಕ್ ರೇಂಜ್ ಕಂಟ್ರೋಲ್’ ಆನ್ ಮಾಡಿಕೊಂಡರೆ ನೆರೆಯವರಿಗೂ ನೆಮ್ಮದಿ.

ಗೊತ್ತಿಲ್ಲದ ಹಾಡಿನ ಬಗ್ಗೆ ಗಾಬರಿ ಬೇಡ, ಅದು ‘ಹ್ಯೂಮನ್ ಎಗೇನ್’. ಗೀತರಚನಕಾರ ಹೊವರ್ಡ್ ಆಶ್‌ಮನ್ ಮತ್ತು ಸಂಗೀತ ಸಂಯೋಜಕ ಆ್ಯಲನ್ ಮೆಂಕನ್ ಈ ಚಿತ್ರಕ್ಕೆಂದೇ ರಚಿಸಿ, 1991ರಲ್ಲಿ ಕೈಬಿಟ್ಟಿದ್ದ ಹಾಡು. 2002ರಲ್ಲಿ ಚಿತ್ರ ಐಮ್ಯಾಕ್ಸ್ ತೆರೆಗೆ ಬಂದಾಗ ಅದನ್ನು ಅನಿಮೇಟ್ ಮಾಡಿ ಸೇರಿಸಿದರು. ನೀವು ವಿಸ್ತರಿಸಿದ ಆವೃತ್ತಿಯನ್ನು ಹಾಕಿದ್ದೀರಿ. ಮೆನುವಿನಲ್ಲಿ ಮೂಲ ಆವೃತ್ತಿಯೂ ಇದೆ, ಸುಮಾರು 84 ನಿಮಿಷದ್ದು. ನನ್ನನ್ನು ಕೇಳಿದರೆ ಮಗಳಿಗೆ ಮೊದಲು ಮೂಲವನ್ನೇ ತೋರಿಸಿ. ಹಿಮದಲ್ಲಿ ಬೆಲ್ ಮತ್ತು ಮೃಗ ಒಬ್ಬರನ್ನೊಬ್ಬರು ಹೊಸದಾಗಿ ನೋಡುವ ಹಾಡಿನಿಂದ ನೃತ್ಯದ ಕಡೆಗೆ ಕಥೆ ಮೆಲ್ಲಗೆ ಏರುತ್ತಿರುತ್ತದೆ. ಅಲ್ಲಿ ಸೇವಕರ ಗುಂಪುಹಾಡು ಬಂದು ಆ ಬಿಗಿಯನ್ನು ಸಡಿಲಿಸುತ್ತದೆ. ಆಶ್‌ಮನ್ 1991ರ ಮಾರ್ಚಿನಲ್ಲಿ, ಚಿತ್ರ ಬಿಡುಗಡೆಯಾಗುವ ಮೊದಲೇ ತೀರಿಕೊಂಡರು. ಅವರ ಸಾಲುಗಳನ್ನು ಉಳಿಸಿಕೊಟ್ಟಿದ್ದಕ್ಕೆ ಕೃತಜ್ಞತೆ ಇದೆ. ಆದರೂ ಅದು ಎರಡನೆಯ ಸಲ ನೋಡುವಾಗಿನ ಸುಖ.

ಮಲೆಸಾಲು:
ಬೆಳ್ಳಿತೆರೆ ಅವರೇ, ಹೇಳಿದ್ದನ್ನೆಲ್ಲ ಮಾಡಿದೆ. ಗೆರೆಗಳು ಈಗ ನಿಂತ ಕಡೆ ನಿಲ್ಲುತ್ತವೆ, ಬಿಳಿ ಅಂಚು ಹೋಯಿತು. ತುಟಿ ಕೂಡಿಕೊಂಡಿತು, ಡಿಲೇ ಮುಟ್ಟುವ ಅಗತ್ಯವೇ ಬರಲಿಲ್ಲ. ಪಿಸಿಎಂ ಮಾಡಿದ ಮೇಲೆ ಗಡಿಯಾರದ ರೂಪದಲ್ಲಿರುವ ಸೇವಕ ಕಾಗ್ಸ್‌ವರ್ತ್‌ನ ಗೊಣಗಾಟವೂ ಕೇಳುತ್ತಿದೆ.

ಎರಡು ಸಂಶಯ ಉಳಿದಿವೆ. ಚಿತ್ರ ತೀರಾ ನುಣುಪಾಗಿದೆ, ಫಿಲ್ಮಿನಲ್ಲಿ ರವೆಯಂತೆ ಕಾಣುವ ಸಣ್ಣ ಕಣವೇ ಇಲ್ಲ. ಒರೆಸಿ ತೆಗೆದಿದ್ದಾರೆಯೇ? ಇನ್ನೊಂದು, ಕೋಟೆಯ ಸುತ್ತಲಿನ ಮಂಜು ಮತ್ತು ಇರುಳ ಆಕಾಶದಲ್ಲಿ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ರಾಗಮಾಲೆ:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ಮೈಸೂರಿನಲ್ಲಿದ್ದೇನೆ, ಅಕ್ಕ ಅಮೆರಿಕದಿಂದ ಇದೇ ಡಿಸ್ಕ್ ತರುತ್ತೇನೆ ಎಂದಿದ್ದಾಳೆ. ಇಲ್ಲಿ ಓಡುತ್ತದೆಯೇ? ಬ್ಲೂ-ರೇ ತರಲೋ 4ಕೆ ತರಲೋ ಎಂದೂ ಕೇಳುತ್ತಿದ್ದಾಳೆ.

ಬೆಳ್ಳಿತೆರೆ:
ಮಲೆಸಾಲು ಅವರೇ, ಕಣವನ್ನು ಯಾರೂ ಒರೆಸಿಲ್ಲ. ಈ ಚಿತ್ರಕ್ಕೆ ಬಣ್ಣ ಹಾಕಿದ್ದು ಕಂಪ್ಯೂಟರಿನಲ್ಲಿ. ಕಾಗದದ ಚಿತ್ರಗಳನ್ನು ಸ್ಕ್ಯಾನ್ ಮಾಡಿ, ‘ಕ್ಯಾಪ್ಸ್’ ಎಂಬ ಡಿಸ್ನಿಯ ವ್ಯವಸ್ಥೆಯಲ್ಲಿ ಬಣ್ಣ ತುಂಬಿ ಹಿನ್ನೆಲೆಗೆ ಕೂಡಿಸಿದರು. ಬ್ಲೂ-ರೇ ಬಂದದ್ದು ಆ ಡಿಜಿಟಲ್ ಮೂಲದಿಂದ. ಅಲ್ಲಿ ಫಿಲ್ಮೇ ಇಲ್ಲದ ಮೇಲೆ ಕಣ ಎಲ್ಲಿಂದ ಬರಬೇಕು? ಚಿತ್ರಮಂದಿರದಲ್ಲಿ ಕಂಡ ಕಣ ಪ್ರತಿ ತೆಗೆದ ಫಿಲ್ಮಿನದು. ‘ದ ಲಿಟ್ಲ್ ಮರ್ಮೇಡ್’ ವಿಷಯವೇ ಬೇರೆ. 1989ರ ಆ ಚಿತ್ರವನ್ನು ಪಾರದರ್ಶಕ ಹಾಳೆಗಳ ಮೇಲೆ ಬಣ್ಣ ಹಚ್ಚಿ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರು. ಅದರ ಡಿಸ್ಕಿನಲ್ಲಿ ಕಣ ಕಾಣದಿದ್ದರೆ ಖಂಡಿತ ಪ್ರಶ್ನಿಸಿ. ಎರಡನ್ನೂ ಒಂದೇ ಅಳತೆಯಲ್ಲಿ ತೂಗುವ ವಿಮರ್ಶೆಗಳನ್ನು ಓದಿದಾಗ ನನಗೆ ಬೇಸರವಾಗುತ್ತದೆ.

ಅಂದಹಾಗೆ, ಮೂಲದಲ್ಲಿ ಚೌಕಟ್ಟಿನ ಅಗಲ ಮತ್ತು ಎತ್ತರದ ಅನುಪಾತ 1.66:1 ಇತ್ತು, ಚಿತ್ರಮಂದಿರದಲ್ಲಿ ತೋರಿಸಿದ್ದು 1.85:1ರಲ್ಲಿ. ಬ್ಲೂ-ರೇ 1.78:1, ಟಿವಿ ಪೂರ್ತಿ ತುಂಬುತ್ತದೆ. ಅದರಲ್ಲಿ ಕೊರತೆಯೇನೂ ಕಾಣಲಿಲ್ಲ. ಟಿವಿಯ ‘ಓವರ್‌ಸ್ಕ್ಯಾನ್’ ಮಾತ್ರ ಆಫ್ ಇರಲಿ, ಇಲ್ಲದಿದ್ದರೆ ನಾಲ್ಕೂ ಅಂಚು ಕತ್ತರಿಸಿಹೋಗುತ್ತದೆ.

ಮಂಜಿನ ಮೆಟ್ಟಿಲುಗಳಿಗೆ ಮೊದಲು ‘ಡೈನಾಮಿಕ್ ಕಾಂಟ್ರಾಸ್ಟ್’ ಆಫ್ ಮಾಡಿ ನೋಡಿ, ಅದು ಛಾಯೆಗಳನ್ನು ದೂರ ದೂರ ಎಳೆಯುತ್ತದೆ. ಆಮೇಲೂ ಉಳಿದದ್ದನ್ನು ಡಿಸ್ಕಿನ ಲೆಕ್ಕಕ್ಕೆ ಬರೆಯಿರಿ. ಬ್ಲೂ-ರೇ 8 ಬಿಟ್‌ನದು, ಒಂದೊಂದು ಮೂಲವರ್ಣಕ್ಕೆ 256 ಮಟ್ಟ ಮಾತ್ರ. ಕಪ್ಪಿನಿಂದ ನೀಲಿಗೆ ಮೆಲ್ಲಗೆ ಹೋಗುವ ಆಕಾಶಕ್ಕೆ ಅದು ಸಾಲುವುದಿಲ್ಲ.

ರಾಗಮಾಲೆ ಅವರೇ, ನಿಮಗೂ ಇದೇ ಉತ್ತರ ಉಪಯೋಗಕ್ಕೆ ಬರುತ್ತದೆ. 2020ರ 4ಕೆ ಡಿಸ್ಕ್ 10 ಬಿಟ್‌ನದು, ಬೆಳಕು ಮತ್ತು ನೆರಳಿನ ಹರವನ್ನು ಹಿಗ್ಗಿಸುವ ಎಚ್‌ಡಿಆರ್ ಇದೆ, ದನಿ ಸುತ್ತಲಿಂದಲೂ ಮೇಲಿನಿಂದಲೂ ಬರುವ ಡಾಲ್ಬಿ ಆಟ್ಮಾಸ್. ಗೆರೆಗಳು ಇನ್ನಷ್ಟು ಸೂಕ್ಷ್ಮವಾಗುತ್ತವೆ ಎಂಬ ಆಸೆ ಬೇಡ, ಮೂಲವೇ ಸುಮಾರು 2ಕೆ, ಅಂದರೆ 4ಕೆಗಿಂತ ಕಡಿಮೆ ವಿವರದ್ದು. ಲಾಭವಿರುವುದು ಬಣ್ಣದ ಛಾಯೆಗಳಲ್ಲಿ. ಎಚ್‌ಡಿಆರ್ ಚೆನ್ನಾಗಿ ತೋರಿಸುವ ಟಿವಿ ಇಲ್ಲದಿದ್ದರೆ ಚಿತ್ರ ಮಂಕಾಗಿ ಕಾಣಬಹುದು, ಆಗ ಬ್ಲೂ-ರೇಯೇ ಮೇಲು. 4ಕೆ ಡಿಸ್ಕುಗಳಿಗೆ ಪ್ರಾಂತ್ಯದ ಕಟ್ಟಳೆ (ಆಯಾ ಪ್ರಾಂತ್ಯದ ಪ್ಲೇಯರಿನಲ್ಲಷ್ಟೇ ಓಡಬೇಕೆಂಬ ನಿರ್ಬಂಧ) ಇಲ್ಲ, ಆದರೆ 4ಕೆ ಪ್ಲೇಯರ್ ಬೇಕು. ಬ್ಲೂ-ರೇಗೆ ಕಟ್ಟಳೆ ಇದೆ: ಅಮೆರಿಕ ‘ಎ’, ಭಾರತ ‘ಸಿ’. ಕೊಳ್ಳುವ ಮೊದಲು ಡಬ್ಬಿಯ ಹಿಂಬದಿಯ ಗುರುತು ನೋಡಲು ಅಕ್ಕನಿಗೆ ಹೇಳಿ. ‘ಎ’ ಒಂದೇ ಇದ್ದರೆ ನಿಮ್ಮ ಪ್ಲೇಯರ್ ಅದನ್ನು ಒಪ್ಪದಿರಬಹುದು.

ಮಲೆಸಾಲು:
ಡೈನಾಮಿಕ್ ಕಾಂಟ್ರಾಸ್ಟ್ ತೆಗೆದ ಮೇಲೆ ಆಕಾಶ ಬಹುಪಾಲು ಸರಿಯಾಯಿತು, ಮಂಜಿನಲ್ಲಿ ಮಾತ್ರ ಮೆಟ್ಟಿಲು ಉಳಿದಿದೆ. ಡಿಸ್ಕನ್ನು ಇಟ್ಟುಕೊಳ್ಳುತ್ತಿದ್ದೇನೆ. ಮಗಳು ಮೂಲ ಆವೃತ್ತಿಯನ್ನು ಪೂರ್ತಿ ನೋಡಿದಳು. ಈಗ ಆ ಸೇವಕರ ಹಾಡನ್ನೂ ಹಾಕು ಎನ್ನುತ್ತಿದ್ದಾಳೆ.