ಸಹಾಯ ಬೇಕು: ಚೀನೀ ಗೇಮ್ ಚಾಟ್‌ಗಳಲ್ಲಿ ‘6’ ಹೊಗಳಿಕೆಯೋ, ವ್ಯಂಗ್ಯವೋ?

ಸದಸ್ಯರೆಲ್ಲರಿಗೂ ನಮಸ್ಕಾರ. ಚೀನಾದ ಆನ್‌ಲೈನ್ ಆಟಗಳ ನೇರ ಪ್ರಸಾರದಲ್ಲಿ ಪರದೆಯ ಮೇಲೆ ಹರಿದುಹೋಗುವ ವೀಕ್ಷಕರ ಟಿಪ್ಪಣಿಗಳನ್ನು ನಾನು ಕನ್ನಡಕ್ಕೆ ತರುತ್ತಿದ್ದು, ಅವುಗಳಲ್ಲಿ ಬರುವ ಅಂಕಿಗಳ ವಿಷಯದಲ್ಲಿ ಬಲ್ಲವರ ನೆರವು ಬೇಕಾಗಿದೆ.

ಉಚ್ಚಾರಣೆಯ ಹೋಲಿಕೆಯಿಂದ ಹುಟ್ಟಿದ ಹೆಚ್ಚಿನವು ತೊಡಕಾಗಿಲ್ಲ: 88 ಎಂದರೆ ವಿದಾಯ, 555 ಎಂದರೆ ಅಳು, 520 ಎಂದರೆ ಪ್ರೇಮನಿವೇದನೆ (ಇದರಿಂದಾಗಿಯೇ ಮೇ 20 ಅಲ್ಲಿ ಪ್ರೇಮಿಗಳ ದಿನವೂ ಆಗಿದೆ, ವ್ಯಾಪಾರಿಗಳು ಅದನ್ನು ಬಿಟ್ಟಾರೆಯೇ!). ನಗುವನ್ನು ಸೂಚಿಸುವ 233ರ ಹುಟ್ಟು ಬೇರೆ. ಮಾವ್‌ಪು ಎಂಬ ಹಳೆಯ ಚರ್ಚಾತಾಣದಲ್ಲಿ ನೆಲ ಬಡಿದು ನಗುವ ಚಿತ್ರದ ಕ್ರಮಸಂಖ್ಯೆ ಅದಾಗಿತ್ತು.

ನನ್ನ ತೊಡಕಿರುವುದು ಆರರಲ್ಲಿ. ಚೀನೀ ಭಾಷೆಯಲ್ಲಿ ಆ ಅಂಕಿಯ ಉಚ್ಚಾರಣೆಯು ನಯವಾದ ಕೈಚಳಕವನ್ನು ಸೂಚಿಸುವ ಪದವನ್ನು ಹೋಲುವುದರಿಂದ, ಆಟಗಾರನು ಸೊಗಸಾಗಿ ಆಡಿದಾಗ ವೀಕ್ಷಕರು 666 ಎಂದು ಸುರಿಸುತ್ತಾರೆ. ಆದರೆ ಈಚೆಗೆ ಒಂಟಿಯಾಗಿ ಬರುವ 6 ಹಲವೆಡೆ ‘ಭೇಷ್, ಇನ್ನೇನು ಹೇಳಲಿ’ ಎಂಬ ಕುಹಕವಾಗಿಯೂ ಬಳಕೆಯಲ್ಲಿದೆ. ಆಟಗಾರನು ಎಡವಿದ ಕ್ಷಣದಲ್ಲಿ ಬಂದರೆ ವ್ಯಂಗ್ಯವೆಂದು ಊಹಿಸಬಹುದು. ಉಳಿದ ಸಂದರ್ಭಗಳಲ್ಲಿ ಅದನ್ನು ಗುರುತಿಸುವುದು ಹೇಗೆ?

ವೈದ್ಯಕೀಯ ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಚೀನಾದಲ್ಲಿದ್ದು, ಅಲ್ಲಿನ ಗೆಳೆಯರೊಂದಿಗೆ ಆಡಿದವರು ಯಾರಾದರೂ ಇದ್ದರೆ, ಒಂದೆರಡು ನೈಜ ಉದಾಹರಣೆಗಳನ್ನು ಸಂದರ್ಭಸಹಿತ ಕಳುಹಿಸಿಕೊಡಬೇಕೆಂದು ಕೋರುತ್ತೇನೆ. ಸ್ಕ್ರೀನ್‌ಶಾಟ್ ಇದ್ದರೆ ಆಟಗಾರರ ಹೆಸರುಗಳನ್ನು ಅಳಿಸಿ ಹಾಕಿರಿ.