ಮೂಟೆ ಹಾಕಲು ಬಾರದ ಪಿಕಪ್

(ಗುಂಪು: ಮೆಕ್ಯಾನಿಕಲ್ ಕೊನೆ ಬೆಂಚು)

ಸೀನ: ಈ ಫೋಟೋ ನೋಡಿ. "ಅಮೆರಿಕದ ಮೊದಲ ಎಲೆಕ್ಟ್ರಿಕ್ ಪಿಕಪ್, ತೈಲ ಕಂಪನಿಗಳು ಮುಚ್ಚಿಹಾಕಿದ ಗುಟ್ಟು" ಅಂತ ಬರೆದು ಯಾರೋ ನಮ್ಮ ಅಪಾರ್ಟ್‌ಮೆಂಟ್ ಗುಂಪಿಗೆ ಬಿಟ್ಟಿದ್ದಾರೆ. ಎಲೆಕ್ಟ್ರಿಕ್ಕೂ ಅಲ್ಲ, ಗುಟ್ಟೂ ಅಲ್ಲ. ಇದು ಡಿಯೋರಾ ಅನ್ನೋ ಷೋ ಗಾಡಿ. ಪೆಟ್ರೋಲ್ ಗಾಡಿ.

ಮಂಜ: ಎಐ ಫೋಟೋ ಕಣೋ ಅದು. ಎರಡೂ ಕಡೆ ಬಾಗಿಲೇ ಇಲ್ಲ. ಡ್ರೈವರ್ ಎಲ್ಲಿಂದ ಹತ್ತಬೇಕು?

ಸೀನ: ಮುಂದಿನಿಂದ. ಗಾಜು ಪೂರ್ತಿ ಮೇಲಕ್ಕೆ ಏಳುತ್ತೆ. ಅದರ ಕೆಳಗಿನ ಭಾಗ ಗೇಟಿನ ಹಾಗೆ ಪಕ್ಕಕ್ಕೆ ತಿರುಗುತ್ತೆ. ಮೂಲ ಗಾಡಿ ಅಮೆರಿಕದ ಡಾಜ್ ಕಂಪನಿಯ 1965ರ ಎ100 ಪಿಕಪ್. ವಿನ್ಯಾಸ ಹ್ಯಾರಿ ಬೆಂಟ್ಲಿ ಬ್ರಾಡ್ಲಿಯದು. ಕಟ್ಟಿದವರು ಡೆಟ್ರಾಯಿಟ್‌ನ ಅಲೆಕ್ಸಾಂಡರ್ ಸಹೋದರರು, ಮೈಕ್ ಮತ್ತು ಲ್ಯಾರಿ.

ಪ್ರಕಾಶ: ಅಲೆಕ್ಸಾಂಡರ್ ಬ್ರದರ್ಸ್ ಅಂದರೆ ಇಲ್ಲಿ ಮಿಷಿಗನ್‌ನಲ್ಲಿ ಹಳೇ ಗಾಡಿ ಹುಚ್ಚಿನವರು ಈಗಲೂ ಕೂತು ಮಾತಾಡುತ್ತಾರೆ. 1967ರ ಡೆಟ್ರಾಯಿಟ್ ಆಟೋರಾಮಾ ಕಾರ್ ಷೋದಲ್ಲಿ ಡಿಯೋರಾಗೆ ಅಲ್ಲಿನ ದೊಡ್ಡ ಪ್ರಶಸ್ತಿ ರಿಡ್ಲರ್ ಬಂತು. ಅದು ಸುಮ್ನೆ ಸಿಗೋದಲ್ಲ. ಗಾಡಿ ಮೊದಲ ಸಲ ಜನರ ಮುಂದೆ ಬರೋದು ಅಲ್ಲೇ ಆಗಬೇಕು. ಅದಕ್ಕೂ ಮುಂಚೆ ಬೇರೆ ಷೋದಲ್ಲಿ ಇಟ್ಟಿದ್ದರೆ ಮುಗೀತು.

ಮಂಜ: ಪ್ರಶಸ್ತಿ ಇರಲಿ. ಹಿಂದೆ ಎಷ್ಟು ಲೋಡ್ ಹಾಕಬಹುದು?

ಸೀನ: ಹಾಕೋ ಹಾಗಿಲ್ಲ. ಮುಚ್ಚಳ ಇದೆ. ಅದರ ಕೆಳಗೆ ಇಂಜಿನ್.

ಮಂಜ: ಅಯ್ಯೋ ರಾಮಾ! ಪಿಕಪ್ ತೊಟ್ಟಿಯಲ್ಲಿ ಇಂಜಿನ್ನಾ! ನನ್ನ ಟಾಟಾ ಏಸ್ ಬೆಳಿಗ್ಗೆ ಸಿಮೆಂಟ್ ಮೂಟೆ ಹೊರುತ್ತೆ, ಮಧ್ಯಾಹ್ನ ಕಬ್ಬಿಣದ ಸರಳು, ಸಂಜೆ ಯಾರದೋ ಮನೆ ಸಾಮಾನು. ಇವರು ದುಡಿಯೋ ಗಾಡಿಯನ್ನು ತಂದು ಹೊಟ್ಟೆ ಹೊಲಿದುಬಿಟ್ಟಿದ್ದಾರೆ.

ಶೋಭಾ: ಮಂಜ, ಇಂಜಿನ್ ಯಾಕೆ ಹಿಂದಕ್ಕೆ ಹೋಯಿತು ಅಂತ ಮೊದಲು ಕೇಳು. ಎ100ರಲ್ಲಿ ಅದು ಕ್ಯಾಬಿನ್ ಒಳಗೆ, ಎರಡು ಸೀಟಿನ ನಡುವೆ ದೊಡ್ಡ ಡಬ್ಬದ ಕೆಳಗೆ ಇರುತ್ತೆ. ನಮ್ಮ ಓಮ್ನಿಯಲ್ಲಿ ಮುಂದಿನ ಸೀಟಿನ ಕೆಳಗೆ ಇರೋ ತರಹ, ಆದರೆ ಇದು ಸಿಕ್ಸ್ ಸಿಲಿಂಡರ್. ಆ ಡಬ್ಬ ಅಲ್ಲೇ ಇದ್ದರೆ ಛಾವಣಿ ಇಷ್ಟು ತಗ್ಗಿಸಿ ಜನರನ್ನು ಕೂರಿಸಲು ಆಗುತ್ತಿರಲಿಲ್ಲ. ಮುಂದಿನಿಂದ ಹತ್ತೋದಂತೂ ದೂರದ ಮಾತು. ಒಂದು ಗೆರೆ ಬದಲಿಸಿದರು, ಅದರ ಹಿಂದೆ ಎಲ್ಲಾ ಬದಲಾಯಿತು.

ನಾಗ: ವಿಮೆ ಸರ್ವೇಯರ್ ಆಗಿ ಹೇಳುತ್ತೇನೆ. ಎದುರಿಗೆ ಒಂದು ಗುದ್ದು ಬಿದ್ದರೆ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತೆ. ಇರೋದೇ ಅದೊಂದು ದಾರಿ. ಬಂಪರ್ ಅಂದರೆ ಡ್ರೈವರ್ ಮಂಡಿ.

ಶೋಭಾ: ಆ ಮಾತು ನಿಜ. ಮಂಡಿ ವಿಷಯದಲ್ಲಿ ಮೂಲ ಎ100 ಕೂಡ ಏನೂ ಒಳ್ಳೆಯದಲ್ಲ. ಬಾಗಿಲಿನ ವಿಷಯದಲ್ಲಿ ನಿನ್ನ ಜೊತೆ ಜಗಳ ಇಲ್ಲ.

ಮಂಜ: ಮುಂದಿನ ಬಾಗಿಲೂ ಹೊಸದಲ್ಲ. ಇಸೆಟ್ಟಾ ಅನ್ನೋ ಪುಟ್ಟ ಕಾರಲ್ಲಿ 1953ಕ್ಕೇ ಇತ್ತು. ಮಿಸ್ಟರ್ ಕೊನೆ ಬೆಂಚು ಆದರೂ ಅಷ್ಟು ಗೊತ್ತು.

ಶೋಭಾ: ಗೊತ್ತು ಬಿಡು. ಆದರೆ ಇಸೆಟ್ಟಾ ಹುಟ್ಟಿದ್ದೇ ಹಾಗೆ. ಇಲ್ಲಿ ತಯಾರಾಗಿ ರಸ್ತೆಯಲ್ಲಿದ್ದ ಪಿಕಪ್ಪನ್ನು ಕೊಯ್ದಿದ್ದಾರೆ. ನನಗೆ ತುಂಬಾ ಇಷ್ಟವಾಗೋದು ಆ ಗಾಜು. ಎಲ್ಲಿಂದ ಬಂತು ಗೊತ್ತಾ? 1960ರ ಫೋರ್ಡ್ ಸ್ಟೇಷನ್ ವ್ಯಾಗನ್‌ನ ಹಿಂದಿನ ಗಾಜು. ಅಲ್ಲಿ ಅದು ಮೊದಲೇ ಮೇಲಕ್ಕೆ ತೆರೆಯುತ್ತಿತ್ತು. ಅದನ್ನೇ ಬಿಚ್ಚಿ, ತಿರುಗಿಸಿ, ಮುಂದಿನ ಗಾಜು ಮಾಡಿದರು. ಡಾಜ್ ಗಾಡಿಗೆ ಫೋರ್ಡ್ ಬೆನ್ನು! ಟೇಲ್ ಲೈಟ್ ಕೂಡ ಫೋರ್ಡ್ ಥಂಡರ್‌ಬರ್ಡ್‌ನದೇ. ಅದನ್ನು ಹಿಂದಿನ ಮರದ ಪಟ್ಟಿಯ ಮರೆಯಲ್ಲಿ ಕೂರಿಸಿದ್ದಾರೆ. ಲೈಟ್ ಕಾಣಲ್ಲ, ಅದರ ಬೆಳಕು ಮಾತ್ರ ಕಾಣುತ್ತೆ.

ಮಂಜ: ಹಳೇ ಸಾಮಾನು ಜೋಡಿಸೋದಕ್ಕೆ ನಮ್ಮ ಕಡೆ ಗುಜರಿ ಅನ್ನುತ್ತಾರೆ.

ಶೋಭಾ: ಗುಜರಿಯಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಅಂತ ತಿಳಿಯೋದೇ ಕಸುಬು ಕಣೋ. ನಾನು ದಿನಾ ಆಫೀಸಲ್ಲಿ ಕಂಪ್ಯೂಟರ್ ಮುಂದೆ ಕೂತು ಒಂದು ಹಿಂಜ್ ಎಲ್ಲಿ ಬರಬೇಕು ಅಂತ ವಾರಗಟ್ಟಲೆ ಒದ್ದಾಡುತ್ತೇನೆ. ಇವರು ಲೋಹ ಕೊಯ್ದು, ಬೆಸುಗೆ ಹಾಕಿ, ತಿಕ್ಕಿ ತೋರಿಸಿದರು.

ನಾಗ: ಇಲ್ಲಿ ಮಾಡಿದರೆ ಮಾತ್ರ ನೇರ ಆರ್‌ಟಿಓ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪಕ್ಕಿಂತ ಬೇರೆಯಾಗಿ ಬದಲಿಸಿದರೆ ನೋಂದಣಿ ಇಲ್ಲ. ಡಿಯೋರಾ ಏನಾದರೂ ಯಶವಂತಪುರದಲ್ಲಿ ಹುಟ್ಟಿದ್ದರೆ ಠಾಣೆ ಹಿಂದೆ ತುಕ್ಕು ಹಿಡಿದು ನಿಂತಿರುತ್ತಿತ್ತು.

ಸೀನ: ಮಂಜ, ಅದು ದುಡಿದಿಲ್ಲ ಅನ್ನಬೇಡ. ಡಾಜ್‌ನ ಒಡೆಯ ಕ್ರೈಸ್ಲರ್ ಕಂಪನಿ ಅದನ್ನು ಬಾಡಿಗೆಗೆ ತಗೊಂಡು ಷೋಗಳಲ್ಲಿ ನಿಲ್ಲಿಸಿತು. ಎಎಂಟಿ ಕಂಪನಿ ಅದರ ಪುಟ್ಟ ಮಾದರಿ ಜೋಡಿಸೋ ಪ್ಲಾಸ್ಟಿಕ್ ಕಿಟ್ ಮಾಡಿ ಮಾರಿತು. ಬ್ರಾಡ್ಲಿ ಜನರಲ್ ಮೋಟಾರ್ಸ್ ಬಿಟ್ಟು ಆಟಿಕೆ ಕಂಪನಿ ಮ್ಯಾಟೆಲ್ ಸೇರಿದ. 1968ರಲ್ಲಿ ಅದರ ಹಾಟ್ ವೀಲ್ಸ್ ಆಟಿಕೆ ಕಾರು ಶುರುವಾದಾಗ ಬಂದ ಮೊದಲ 16 ಕಾರುಗಳಲ್ಲಿ ಡಿಯೋರಾ ಒಂದು. ಹಿಂದೆ ಎರಡು ಸರ್ಫ್ ಬೋರ್ಡ್ ಬೇರೆ. ಈಚೆಗೆ ಮತ್ತೆ ಬಿಟ್ಟ ಅದೇ ಆಟಿಕೆ ನನ್ನ ಶೋಕೇಸಲ್ಲಿ ಇದೆ, ಮಗನಿಗೆ ಮುಟ್ಟಲು ಬಿಟ್ಟಿಲ್ಲ.

ಮಂಜ: ಆಟಿಕೆಯಲ್ಲಿ ಮಾತ್ರ ಲೋಡ್ ಹಾಕಿದ್ದಾರೆ ಅನ್ನು. ಅದೂ ಹಲಗೆ.

ಪ್ರಕಾಶ: 😂😂 ಪಾಯಿಂಟ್ ಇದೆ.

ಶೋಭಾ: ಮಗನಿಗೆ ಕೊಡದ ಆಟಿಕೆ, ಮೂಟೆ ಹೊರದ ಪಿಕಪ್. ಸೀನ, ನೀನು ನನ್ನ ಕಡೆ ಇದ್ದೀಯೋ ಮಂಜನ ಕಡೆ ಇದ್ದೀಯೋ?

ಸೀನ: ನಾನು ಆಟಿಕೆಯ ಡಬ್ಬ ಒಡೆಯದವರ ಕಡೆ. ಅಂದಹಾಗೆ ಅಸಲಿ ಗಾಡಿ 2009ರಲ್ಲಿ ಹರಾಜಾಯಿತು. 3,24,500 ಡಾಲರ್. ಆಗಿನ ಲೆಕ್ಕದಲ್ಲಿ ಒಂದೂವರೆ ಕೋಟಿ ರೂಪಾಯಿ ಮೇಲೆ.

ಮಂಜ: ಒಂದೂವರೆ ಕೋಟಿ! ಆ ದುಡ್ಡಿಗೆ ಇಲ್ಲಿಂದ ಬಸ್ ಸ್ಟ್ಯಾಂಡ್ ತನಕ ಏಸ್ ಸಾಲಾಗಿ ನಿಲ್ಲಿಸುತ್ತಿದ್ದೆ.

ಶೋಭಾ: ನಿಲ್ಲಿಸು. ಯಾರಾದರೂ ನಿಂತು ಫೋಟೋ ಹೊಡೆಯುತ್ತಾರಾ?

ಮಂಜ: ಫೋಟೋ ಯಾರಿಗೆ ಬೇಕು? ಬಾಡಿಗೆ ಬರುತ್ತೆ.