ಅಪ್‌ಡೇಟ್: ಟಾರ್ ರಿಲೇಗೆ ಕೊನೆಗೂ ನೆಲೆ ಸಿಕ್ಕಿತು

ಕಡಿಮೆ ಖರ್ಚಿನಲ್ಲಿ ಟಾರ್ ರಿಲೇ (ಗುರುತು ಮರೆಸಿ ಇಂಟರ್‌ನೆಟ್ ಬಳಸಲು ನೆರವಾಗುವ ಟಾರ್ ಜಾಲದಲ್ಲಿ ಇತರರ ಡೇಟಾ ದಾಟಿಸುವ ಕಂಪ್ಯೂಟರ್) ಎಲ್ಲಿ ನಡೆಸಬಹುದು ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಮಡಿಕೇರಿಯ ಮನೆಯಲ್ಲೇ ಹಳೆಯ ಲ್ಯಾಪ್‌ಟಾಪ್ ಇಡುವ ಸಲಹೆ ಎರಡೇ ದಿನಕ್ಕೆ ಕೈಕೊಟ್ಟಿತು: ಮರ ಬಿದ್ದು ಕರೆಂಟ್ ಹೋಯಿತು. ಕಕ್ಕಡ ಮಾಸದ ಮಳೆಯಲ್ಲಿ ಇದೇನು ಹೊಸದಲ್ಲ, ನಾನೇ ಯೋಚಿಸಬೇಕಿತ್ತು.

ಫಲಿಸಿದ್ದು, 'ಸಣ್ಣ ಕಂಪನಿಯ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಹಿಡಿಯಿರಿ, ಮೊದಲೇ ಬರೆದು ಕೇಳಿ' ಎಂದವರ ಮಾತು. ನನ್ನದು ಎಕ್ಸಿಟ್ (ಡೇಟಾ ಟಾರ್‌ನಿಂದ ಹೊರಗಿನ ಸೈಟುಗಳಿಗೆ ಹೋಗುವ ಕೊನೆಯ ರಿಲೇ) ಅಲ್ಲ, ಡೇಟಾವನ್ನು ಜಾಲದೊಳಗೇ ದಾಟಿಸುವ ಮಧ್ಯದ ರಿಲೇ ಎಂದ ಮೇಲೆ ಕಂಪನಿಯವರು ಒಪ್ಪಿದರು.

ಅಚ್ಚರಿಯ ಸಂಗತಿಯೊಂದಿದೆ. ರಿಲೇ ಎಷ್ಟು ಡೇಟಾ ಬಳಸಬಹುದು ಎಂದು ನಿಗದಿಪಡಿಸುವ ಟಾರ್‌ನ 'ಅಕೌಂಟಿಂಗ್‌ಮ್ಯಾಕ್ಸ್' ಮಿತಿ ಒಳಬರುವ, ಹೊರಹೋಗುವ ಡೇಟಾವನ್ನು ಬೇರೆಬೇರೆಯಾಗಿ ಎಣಿಸುತ್ತದೆ. ನನ್ನ ಕಂಪನಿ ಎರಡನ್ನೂ ಕೂಡಿಸುತ್ತದೆ. ಹಾಗಾಗಿ 1 ಟಿಬಿ ಪ್ಲಾನಿಗೆ 500 ಜಿಬಿಗಿಂತ ಸ್ವಲ್ಪ ಕಡಿಮೆ ಇಟ್ಟಿದ್ದೇನೆ. ಸದ್ಯಕ್ಕೆ ರಿಲೇಯಲ್ಲಿ ಡೇಟಾ ಸಂಚಾರ ತೀರಾ ಕಡಿಮೆ. ಹೊಸ ರಿಲೇ ಸ್ಥಿರಗೊಳ್ಳಲು ಸುಮಾರು 68 ದಿನ ಬೇಕಂತೆ.